ನಾಲ್ಕು ನೂರು ಆಟಗಳ ಪೆಟ್ಟಿಗೆ

ಧರೂರಿನ ಪಾಲಕರು ದಸರಾ ರಜೆಯಲ್ಲಿ ಗದ್ವಾಲಕ್ಕೋ ರಾಯಚೂರಿಗೋ ಹೋದಾಗ, ಆಟಿಕೆಯ ಅಂಗಡಿಯಲ್ಲಿ ಅಂಗೈಯಗಲದ ಒಂದು ಯಂತ್ರ ಮಕ್ಕಳ ಕಣ್ಣಿಗೆ ಬೀಳುವುದುಂಟು. ಅದರ ಮೇಲೆ ‘400 ಆಟಗಳು’ ಎಂಬ ದಪ್ಪಕ್ಷರಗಳಿರುತ್ತವೆ. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಆಡಿ ಬೆಳೆದ ತಂದೆಯಾದರೆ, ಮಗನಿಗಿಂತ ಮೊದಲು ಅವನ ಕೈಯೇ ಮುಂದಾಗುತ್ತದೆ.

ಮನೆಗೆ ತಂದು ಪಟ್ಟಿಯನ್ನು ಕೊನೆಯವರೆಗೆ ಸರಿಸಿದಾಗ ನಿಜಸ್ಥಿತಿ ತಿಳಿಯುತ್ತದೆ. ಒಂದೇ ಆಟ ಬಣ್ಣವನ್ನೋ ನಾಯಕನ ಮುಖವನ್ನೋ ಬದಲಿಸಿಕೊಂಡು ಬೇರೆ ಬೇರೆ ಹೆಸರುಗಳಲ್ಲಿ ಮತ್ತೆ ಬಂದಿರುತ್ತದೆ. ಇದು ಹಳೆಯ ಚಾಳಿಯೇ. ಅಂದಿನ ಕ್ಯಾಸೆಟ್ಟುಗಳ ಮೇಲೂ 9999 ಆಟಗಳೆಂದು ಬರೆದಿರುತ್ತಿತ್ತು, ಒಳಗಿದ್ದವು ಬೆರಳೆಣಿಕೆಯಷ್ಟು.

ಎಣಿಕೆಯ ಮೋಸವನ್ನು ಮಕ್ಕಳು ಬೇಗ ಮರೆಯುತ್ತಾರೆ. ಅವರನ್ನು ನಿಜವಾಗಿ ನೋಯಿಸುವುದು ಯಂತ್ರದ ಮರೆವು. ಇಂತಹ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆಟವನ್ನು ನಿಂತಲ್ಲಿಂದ ಮುಂದುವರಿಸಲು ಬಿಡುವುದಿಲ್ಲ. ಏಳನೆಯ ಹಂತ ಮುಟ್ಟಿದ ಹುಡುಗಿ ತಾಯಿ ಊಟಕ್ಕೆ ಕರೆದಳೆಂದು ಯಂತ್ರ ಆರಿಸಿದರೆ, ಮರಳಿ ಬಂದಾಗ ಮೊದಲನೆಯ ಹಂತವೇ ಗತಿ. ಕರೆದೊಡನೆ ಏಳದ ಮಗುವಿನದು ಬರಿಯ ಹಟವೆಂದು ತಿಳಿಯುವ ಮೊದಲು ತಾಯಂದಿರು ಇದನ್ನು ಅರಿತಿರುವುದು ಒಳಿತು.

ಹೆಸರಾಂತ ಕಂಪನಿಗಳ ಪುಟ್ಟ ಯಂತ್ರಗಳಿಗೂ ಮಿತಿಯುಂಟು. ನಿಂಟೆಂಡೊ 2016ರಲ್ಲಿ ತಂದ ಪುಟ್ಟ ಎನ್‌ಇಎಸ್‌ನಲ್ಲಿ 30 ಆಟಗಳಿದ್ದವು. ಅವನ್ನು ನಿಂತಲ್ಲಿ ಉಳಿಸಿಡಬಹುದಿತ್ತು, ಆದರೆ ಅದಕ್ಕೆ ಎದ್ದು ಹೋಗಿ ಪೆಟ್ಟಿಗೆಯ ಗುಂಡಿಯನ್ನೇ ಒತ್ತಬೇಕಿತ್ತು. ಕೈಹಿಡಿಯ ತಂತಿ ಒಂದು ಮೀಟರೂ ಇರಲಿಲ್ಲ. ಸೋನಿ 2018ರಲ್ಲಿ ಜಪಾನಿನ ಹೊರಗೆ ಮಾರಿದ ಯಂತ್ರದ 20 ಆಟಗಳಲ್ಲಿ ಒಂಬತ್ತು, ಸೆಕೆಂಡಿಗೆ 60ರ ಬದಲು 50 ಚಿತ್ರಗಳ ಲೆಕ್ಕಕ್ಕೆ ಸಿದ್ಧವಾದ ಹಳೆಯ ಯುರೋಪಿನ ಆವೃತ್ತಿಗಳಾಗಿದ್ದವು. ಬೆಲೆ ತೆತ್ತವರು ಗೊಣಗಿದ್ದು ಸಹಜ. ಎರಡಕ್ಕೂ ಹೊಸ ಆಟ ಸೇರಿಸುವ ದಾರಿಯನ್ನು ಕಂಪನಿ ಇಟ್ಟಿರಲಿಲ್ಲ.

ಇನ್ನು ಬಂದೂಕಿನ ಆಟ. 1984ರ ‘ಡಕ್ ಹಂಟ್’ನ ಬಾತುಕೋಳಿಗಳನ್ನು ಹೊಡೆದ ತಂದೆಯರು ಅದನ್ನೇ ಮೊದಲು ಹುಡುಕುತ್ತಾರೆ. ಕುದುರೆ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ; ಬಂದೂಕಿನ ಮೂತಿಯೊಳಗಿನ ಬೆಳಕಿನ ಸಂವೇದಕ ಆ ಚೌಕವನ್ನು ಕಂಡರೆ ಗುರಿ ತಾಗಿದಂತೆ. ಹಳೆಯ ದಪ್ಪ ಟಿ.ವಿ. ಆ ಕ್ಷಣಕ್ಕೆ ಸರಿಯಾಗಿ ಬೆಳಗುತ್ತಿತ್ತು. ಇಂದಿನ ಚಪ್ಪಟೆ ಟಿ.ವಿ. ಚಿತ್ರವನ್ನು ತುಸು ತಡವಾಗಿ ತೋರಿಸುವುದರಿಂದ ಎಷ್ಟು ಹೊಡೆದರೂ ಬಾತುಕೋಳಿ ಹಾರಿಯೇ ಹೋಗುತ್ತದೆ. ನಿಂಟೆಂಡೊದ ಆ 30ರಲ್ಲಿಯೂ ಈ ಆಟಕ್ಕೆ ಸ್ಥಾನ ಸಿಗಲಿಲ್ಲ.

ಆದರೂ ಅಂತರ್ಜಾಲವಿಲ್ಲದ, ನಡುವೆ ಜಾಹೀರಾತು ತೂರಿಸದ, ಮತ್ತೆ ಮತ್ತೆ ಹಣ ಕೇಳದ ಆಟಿಕೆ ಮೊಬೈಲಿಗಿಂತ ಮೇಲೆನ್ನುವ ಪಾಲಕರ ಮಾತನ್ನು ತಳ್ಳಿಹಾಕಲಾಗದು. ಕೊಳ್ಳುವವರು ಅಂಗಡಿಯಲ್ಲಿಯೇ ಯಂತ್ರ ಹಚ್ಚಿಸಿ, ಪಟ್ಟಿಯ ಕಡೆಯ ನೂರು ಆಟಗಳನ್ನು ತೆರೆದು ನೋಡಲಿ. ದೊಡ್ಡ ಪರದೆಯಲ್ಲಿ ಆಡುವ ಆಸೆಯಿದ್ದರೆ ಮನೆಯ ಟಿ.ವಿ.ಯ ಹಿಂದೆ ಹಳದಿ ತಂತಿ ಚುಚ್ಚುವ ಜಾಗವಿದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಲಿ, ಹೊಸ ಟಿ.ವಿ.ಗಳಲ್ಲಿ ಅದು ಇಲ್ಲದಿರುವುದೂ ಉಂಟು.