ಎಣ್ಣೆ ಬಿದ್ದ ಕಡಲು: ಮೀನುಗಾರನ ನಷ್ಟಕ್ಕೆ ಪಹಣಿ ಎಲ್ಲಿದೆ?

2006ರ ಮೇ 30ರಂದು ಕಾರವಾರದ ಹೊರಗಡಲಿನ ಆಯ್‌ಸ್ಟರ್ ರಾಕ್ ದ್ವೀಪದ ಬಳಿ ‘ಓಷನ್ ಸೆರಾಯಾ’ ಎಂಬ ಪನಾಮಾ ಧ್ವಜದ ಸರಕು ಹಡಗು ಬಂಡೆಗೆ ತಾಗಿ ಕುಳಿತಿತು. ಅದರಲ್ಲಿ ಸುಮಾರು 650 ಟನ್ ಉರುವಲು ಎಣ್ಣೆ ಇತ್ತು. ಮುಂಗಾರಿನ ಅಲೆಗಳು ಹಡಗನ್ನು ಬಿಡಿಸುವ ಕೆಲಸಕ್ಕೆ ಅಡ್ಡಿಯಾದವು. ಸೋರಿದ ಎಣ್ಣೆ ನಮ್ಮ ಜಿಲ್ಲೆಯ ದಂಡೆಗಷ್ಟೇ ಅಲ್ಲ, ಗಡಿಯಾಚೆ ದಕ್ಷಿಣ ಗೋವಾದ ದಂಡೆಗೂ ಹರಿಯಿತು. ಮತ್ತೆ 2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಕೇರಳದ ಕೊಚ್ಚಿಯ ಎದುರಿನ ಕಡಲಲ್ಲಿ 640ಕ್ಕೂ ಹೆಚ್ಚು ಕಂಟೇನರುಗಳ ಸಮೇತ ಮುಳುಗಿತು. ಎರಡೂ ಅವಘಡಗಳು ಮುಂಗಾರಿನ ಹೊಸ್ತಿಲಲ್ಲೇ ನಡೆದವು ಎಂಬುದನ್ನು ಗಮನಿಸಬೇಕು.

ಇಸಳೂರಿನಂಥ ಘಟ್ಟದ ಮೇಲಿನ ಊರಿನವರಿಗೆ ಕಡಲಿನ ಎಣ್ಣೆಯ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ಶಿರಸಿಯ ನೆಲದಲ್ಲಿ ಹುಟ್ಟಿದ ಅಘನಾಶಿನಿ ತದಡಿಯ ಬಳಿ ಕಡಲು ಸೇರುತ್ತದೆ. ಅದರ ಅಳಿವೆಯಲ್ಲಿ ಚಿಪ್ಪು ಆಯ್ದು, ಮೀನು ಹಿಡಿದು ಬದುಕುವವರು ನಮ್ಮ ಜಿಲ್ಲೆಯವರೇ. ಇನ್ನೊಂದು ಕಾರಣವೂ ಇದೆ. ಅವರ ಕಷ್ಟಕ್ಕೆ ಬೇಕಾದ ಮುಖ್ಯ ಮದ್ದು ಘಟ್ಟದ ಮೇಲಿನ ರೈತರಿಗೆ ಚೆನ್ನಾಗಿ ಗೊತ್ತು.

ಎಣ್ಣೆ ಮಾಡುವ ಹಾನಿ

ಡೀಸೆಲ್ ಸೋರಿದರೆ ಬಹುಪಾಲು ಕೆಲವೇ ದಿನಗಳಲ್ಲಿ ಆವಿಯಾಗಿ, ಚದುರಿ ಹೋಗುತ್ತದೆ. ದೊಡ್ಡ ಹಡಗುಗಳು ಉರಿಸುವ ಮಂದ ಎಣ್ಣೆ ಹಾಗಲ್ಲ. ಅದು ನೀರಿನೊಡನೆ ಕಲಸಿ ಇನ್ನಷ್ಟು ಗಟ್ಟಿಯಾಗಿ, ಡಾಂಬರಿನ ಉಂಡೆಗಳಾಗಿ ದಂಡೆಗೆ ಬರುತ್ತದೆ. ಬಲೆಗೆ ಹತ್ತಿದರೆ ತೊಳೆದು ತೆಗೆಯುವುದು ಕಷ್ಟ. ಎಷ್ಟೋ ಬಾರಿ ಬಲೆಯನ್ನೇ ಬಿಸಾಡಬೇಕು. ಅಳಿವೆಯ ಕೆಸರಿಗೆ ಇಳಿದರೆ ಚಿಪ್ಪು, ಸಿಗಡಿ, ಏಡಿಗಳಿಗೆ ಬಹುಕಾಲದ ಕುತ್ತು.

ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಎಣ್ಣೆಯ ಸುದ್ದಿ ಹಬ್ಬಿದೊಡನೆ ಶುದ್ಧ ನೀರಿನ ಮೀನನ್ನೂ ಕೊಳ್ಳುವವರು ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಮುಂಗಾರಿನ ಹೊತ್ತಿಗೆ ಎಣ್ಣೆ ಸೋರಿದರೆ ಅದರ ಪೆಟ್ಟು ಬೀಳುವುದು ಎಲ್ಲರಿಗಿಂತ ಸಣ್ಣವನ ಮೇಲೆ. ಅವನ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸರ ಮೇಲೆ.

ನೆರವು ಬೇರೆ, ಪರಿಹಾರ ಬೇರೆ

ಇಂಥ ಸಮಯದಲ್ಲಿ ಸರಕಾರ ಕೊಡುವುದು ತಾತ್ಕಾಲಿಕ ನೆರವು. ಕೇರಳ ಸರಕಾರ 2025ರಲ್ಲಿ ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ತಲಾ 1,000 ರೂಪಾಯಿ ಮತ್ತು 6 ಕಿಲೋ ಅಕ್ಕಿ ಪ್ರಕಟಿಸಿತು. 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎಣ್ಣೆ ಹರಿದಾಗ ತಮಿಳುನಾಡು ಬಾಧಿತ ಮೀನುಗಾರ ಕುಟುಂಬಕ್ಕೆ 12,500 ರೂಪಾಯಿ, ದೋಣಿಯ ದುರಸ್ತಿಗೆ 10,000 ರೂಪಾಯಿ ಘೋಷಿಸಿತು. ಇವು ಒಲೆ ಆರದಂತೆ ಕಾಯುವ ಹಣ. ಆದ ನಷ್ಟವನ್ನು ತುಂಬಿಕೊಡುವ ಹಣವಲ್ಲ.

ನಷ್ಟ ತುಂಬಿಕೊಡಬೇಕಾದವನು ಹಡಗಿನ ಮಾಲೀಕ. ಹಡಗಿನ ಉರುವಲು ಎಣ್ಣೆಯ ಮಾಲಿನ್ಯಕ್ಕೆ ಸಂಬಂಧಿಸಿದ 2001ರ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ, ಭಾರತ ಸೇರಿದ್ದು 2015ರಲ್ಲಿ. ಕಾರವಾರದ ಅವಘಡದ ಕಾಲಕ್ಕೆ ಆ ಆಸರೆ ಇರಲಿಲ್ಲ; ಈಗ ಇದೆ. ಅದರ ಪ್ರಕಾರ ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲದೆ ಮಾಲೀಕ ಹೊಣೆಗಾರನಾಗುತ್ತಾನೆ. ದೊಡ್ಡ ಹಡಗುಗಳು ವಿಮೆ ಹೊಂದಿರಲೇಬೇಕು. ನಷ್ಟವಾದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. 2017ರ ಕಡಲ ವ್ಯಾಜ್ಯಗಳ ಕಾಯಿದೆಯಂತೆ ಇಂಥ ದಾವೆ ಕೇಳುವ ಅಧಿಕಾರ ಕರ್ನಾಟಕ ಹೈಕೋರ್ಟಿಗೂ ಇದೆ. ಕೇರಳ ಸರಕಾರ 9,531 ಕೋಟಿ ರೂಪಾಯಿ ಕೇಳಿ ತನ್ನ ಹೈಕೋರ್ಟಿಗೆ ಹೋಯಿತು. ವಿಳಿಂಜಮ್ ಬಂದರಿನಲ್ಲಿದ್ದ ಅದೇ ಬಳಗದ ಇನ್ನೊಂದು ಹಡಗನ್ನು ತಡೆಹಿಡಿಯುವ ಆಜ್ಞೆ ಪಡೆಯಿತು. ಆದರೆ ನ್ಯಾಯಾಲಯ ಭದ್ರತೆಯಾಗಿ ಇಡಲು ಹೇಳಿದ ಮೊತ್ತ ಕೊನೆಗೆ ಸುಮಾರು 1,227 ಕೋಟಿಗೆ ಇಳಿಯಿತು. ಕೇಳುವುದು ಒಂದು, ಆಧಾರ ತೋರಿಸುವುದು ಇನ್ನೊಂದು.

ಲೆಕ್ಕವೇ ಆಧಾರ

ಅಡಿಕೆಗೆ ಕೊಳೆರೋಗ ಬಂದರೆ ರೈತನ ಕೈಯಲ್ಲಿ ಪಹಣಿ ಇದೆ. ಸೊಸೈಟಿಯಲ್ಲಿ ಹಿಂದಿನ ವರ್ಷಗಳ ವಿಕ್ರಿ ಚೀಟಿಗಳಿವೆ. ಎಷ್ಟು ಬೆಳೆಯುತ್ತಿತ್ತು, ಎಷ್ಟು ಹೋಯಿತು ಎಂದು ತೋರಿಸಬಹುದು. ಕಡಲಿಗೆ ಪಹಣಿ ಇಲ್ಲ. ನಾಡದೋಣಿಯವನು ದಂಡೆಯಲ್ಲೇ ಮೀನು ಮಾರಿ ನಗದು ತರುತ್ತಾನೆ. ಚಿಪ್ಪು ಆಯುವವಳ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಎಣ್ಣೆ ಬಂದ ಮರುದಿನ ‘ನಿನ್ನೆಯ ಗಳಿಕೆ ಎಷ್ಟು?’ ಎಂದು ವಿಮೆಯವರು ಕೇಳಿದರೆ ಉತ್ತರವಿದ್ದರೂ ಕಾಗದವಿಲ್ಲ. ಬಿಲ್ಲು, ಪಟ್ಟಿ ಇಟ್ಟ ದೊಡ್ಡ ಬೋಟಿನವರಿಗೆ ದಾರಿ ಸುಲಭ. ಹೆಚ್ಚು ನೊಂದವನು ಹಿಂದೆ ಉಳಿಯುತ್ತಾನೆ.

ಆದ್ದರಿಂದ ನೆರವಿನ ಕೆಲಸ ಎಣ್ಣೆ ಬೀಳುವ ಮೊದಲೇ ಆರಂಭವಾಗಬೇಕು. ಮೀನುಗಾರರ ಸಹಕಾರಿ ಸಂಘಗಳು ಪ್ರತಿ ನಾಡದೋಣಿಗೂ ಒಂದು ಪಾಸ್ ಪುಸ್ತಕ ಕೊಟ್ಟು ಹಿಡಿದ ಮೀನಿನ ತೂಕ, ದರ ಬರೆಸಬೇಕು. ಮೀನು ಮಾರುವ, ಒಣಗಿಸುವ, ಚಿಪ್ಪು ಆಯುವ ಹೆಂಗಸರ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಇಡಬೇಕು. ಎಣ್ಣೆ ಕಂಡ ದಿನವೇ ತಟರಕ್ಷಣಾ ಪಡೆ, ಮೀನುಗಾರಿಕೆ ಇಲಾಖೆಗಳಿಗೆ ತಿಳಿಸಿ, ಹಾಳಾದ ಬಲೆಯನ್ನು ಬಿಸಾಡುವ ಮೊದಲು ಫೋಟೋ ತೆಗೆಸಿ ಮಹಜರು ಮಾಡಿಸಬೇಕು. ಮೀನಿನ ಪರೀಕ್ಷೆಯ ಫಲಿತಾಂಶವನ್ನು ಇಲಾಖೆ ಬೇಗ ಪ್ರಕಟಿಸಿದರೆ ಶುದ್ಧ ಮೀನಿನ ಪೇಟೆಯಾದರೂ ಉಳಿದೀತು.

ಇಲ್ಲಿ ಘಟ್ಟದ ಮೇಲಿನವರಿಗೂ ಕೆಲಸವಿದೆ. ಶಿರಸಿಯ ತೋಟಗಾರರು 1923ರಲ್ಲೇ ತಮ್ಮ ಮಾರಾಟ ಸಂಘ ಕಟ್ಟಿಕೊಂಡರು. ಬೆಳೆಗಾರನ ಹೆಸರಿನಲ್ಲಿ ಖಾತೆ ತೆರೆದು ತೂಕ, ದರ ಬರೆದಿಡುವ ಆ ಅಭ್ಯಾಸ ಎಷ್ಟೋ ಕುಟುಂಬಗಳನ್ನು ಕಾಪಾಡಿದೆ. ನಮ್ಮ ಸೊಸೈಟಿಗಳು ತಮ್ಮ ಅನುಭವಿ ಗುಮಾಸ್ತರನ್ನು ಕೆಲವು ದಿನ ಕುಮಟಾ, ಅಂಕೋಲಾ, ಕಾರವಾರದ ಮೀನುಗಾರ ಸಂಘಗಳಿಗೆ ಕಳಿಸಿ ಈ ಲೆಕ್ಕದ ಪದ್ಧತಿಯನ್ನು ಕಲಿಸಿಕೊಡಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಆದರೆ ಒಳಿತು.