ಕೇಬಲ್ ನೋಡದೆ ಮಾಡ್ಯೂಲ್ ಕೊಳ್ಳಬೇಡಿ

ಕಾಲೇಜು, ಆಸ್ಪತ್ರೆ, ಕಚೇರಿ ಎಲ್ಲ ಕಡೆ ಈಗ ಫೈಬರ್ ಬಂದಿದೆ. ಲಕ್ಷಗಟ್ಟಲೆ ಕೊಟ್ಟು ಸ್ವಿಚ್ ಕೊಳ್ಳುವಾಗ ಹತ್ತು ಸಲ ಸಭೆ ಸೇರುತ್ತಾರೆ. ಆದರೆ ಆ ಸ್ವಿಚ್‌ನ ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಫೈಬರ್‌ಗೆ ಕಳಿಸುವ, ಅತ್ತಲಿಂದ ಬಂದ ಬೆಳಕನ್ನು ಮತ್ತೆ ಸಂಕೇತವಾಗಿಸುವ ಟ್ರಾನ್ಸಿವರ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನಾವು ಕೆಲಸದವರು ಅದನ್ನು ‘ಎಸ್‌ಎಫ್‌ಪಿ’ ಅನ್ನುತ್ತೇವೆ. ಗಾತ್ರ ಹೆಬ್ಬೆರಳಿನಷ್ಟು. ತಪ್ಪಾಗಿ ಆರಿಸಿದರೆ ಲಕ್ಷದ ಸ್ವಿಚ್ ಇದ್ದೂ ಇಲ್ಲದಂತೆ.

ಡಿಪ್ಲೊಮಾ ಮುಗಿಸಿ, ಕಟ್ಟಡಗಳಿಗೆ ನೆಟ್‌ವರ್ಕ್ ಜೋಡಿಸುವ ಗುತ್ತಿಗೆದಾರರ ಬಳಿ ಸೇರಿ ನನಗೆ ಮೂರು ವರ್ಷವಾಯಿತು. ಒಂದು ಕಾಲೇಜಿನಲ್ಲಿ ಹಾಸ್ಟೆಲ್‌ನಿಂದ ಮುಖ್ಯ ಕಟ್ಟಡಕ್ಕೆ ನೆಲದಡಿ ಹಾಕಿದ್ದು ಸಿಂಗಲ್ ಮೋಡ್ ಕೇಬಲ್. ದರಪಟ್ಟಿಯಲ್ಲಿ ಕಡಿಮೆ ಬೆಲೆ ಕಂಡಿತೆಂದು ಖರೀದಿ ವಿಭಾಗದವರು ತರಿಸಿದ್ದು ಮಲ್ಟಿಮೋಡ್‌ಗೆ ಸೇರಿದ ‘ಎಸ್‌ಎಕ್ಸ್’ ಮಾಡ್ಯೂಲ್. ಸ್ವಿಚ್ ಅದನ್ನು ಗುರುತಿಸಿತು, ಲಿಂಕ್ ಲೈಟ್ ಮಾತ್ರ ಹತ್ತಲಿಲ್ಲ. ಸರಿಯಾದ ಮಾಡ್ಯೂಲ್ ಬರುವವರೆಗೆ ಹಾಸ್ಟೆಲ್ ಹುಡುಗರು ಕ್ಯಾಂಪಸ್ ಸಂದರ್ಶನದ ಆನ್‌ಲೈನ್ ಪರೀಕ್ಷೆಯನ್ನು ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಬರೆದರು. ಯಾರದೋ ಉಳಿತಾಯಕ್ಕೆ ಇನ್ಯಾರೋ ಬೆಲೆ ತೆತ್ತರು.

ಹಾಗಾಗಿ ನನ್ನ ಅಭಿಪ್ರಾಯ ನೇರ: ಮೊದಲು ಕೇಬಲ್ ನೋಡಿ, ಆಮೇಲೆ ಮಾಡ್ಯೂಲ್ ಕೊಳ್ಳಿ. ಸಿಂಗಲ್ ಮೋಡ್ ಫೈಬರ್‌ನ ಒಳತಿರುಳು ಸುಮಾರು 9 ಮೈಕ್ರಾನ್, ಮಲ್ಟಿಮೋಡ್‌ನದು 50 ಅಥವಾ 62.5. ಕಟ್ಟಡದೊಳಗಿನ ಹಳದಿ ಪ್ಯಾಚ್ ಕಾರ್ಡ್ ಸಾಮಾನ್ಯವಾಗಿ ಸಿಂಗಲ್ ಮೋಡ್. ಹೊರಗಿನ ಕೇಬಲ್ ಹೆಚ್ಚಾಗಿ ಕಪ್ಪು, ಅಲ್ಲಿ ಬಣ್ಣ ನಂಬದೆ ಮೇಲೆ ಮುದ್ರಿಸಿದ್ದನ್ನು ಓದಬೇಕು.

ಎರಡನೆಯದು ದೂರ. 10 ಗಿಗಾಬಿಟ್‌ನ ‘ಎಸ್‌ಆರ್’ ಮಾಡ್ಯೂಲ್ 850 ನ್ಯಾನೊಮೀಟರ್ ಬೆಳಕಿನಲ್ಲಿ, ಓಎಂ3 ಮಲ್ಟಿಮೋಡ್ ಕೇಬಲ್ ಮೇಲೆ 300 ಮೀಟರ್‌ವರೆಗೆ ನಡೆಯುತ್ತದೆ. ‘ಎಲ್‌ಆರ್’ 1310 ನ್ಯಾನೊಮೀಟರ್‌ನಲ್ಲಿ, ಸಿಂಗಲ್ ಮೋಡ್ ಮೇಲೆ 10 ಕಿಲೋಮೀಟರ್. ‘ದೊಡ್ಡದೇ ಇರಲಿ’ ಎಂದು 40 ಕಿಲೋಮೀಟರ್‌ನದನ್ನು ಪಕ್ಕದ ಕಟ್ಟಡಕ್ಕೆ ಹಾಕುವುದೂ ಜಾಣತನವಲ್ಲ. ಬೆಳಕು ಅತಿಯಾಗಿ ಆಚೆ ತುದಿಯ ರಿಸೀವರ್ ಕೆಡಬಹುದು. ಬೆಳಕು ತಗ್ಗಿಸುವ ಅಟೆನ್ಯುಯೇಟರ್‌ಗೆ ಮತ್ತೆ ದುಡ್ಡು ಸುರಿಯಬೇಕು.

ಮೂರನೆಯದು ಸ್ವಿಚ್‌ನ ಪೋರ್ಟ್. ಎಸ್‌ಎಫ್‌ಪಿ 1 ಗಿಗಾಬಿಟ್, ಎಸ್‌ಎಫ್‌ಪಿ ಪ್ಲಸ್ 10 ಗಿಗಾಬಿಟ್. ನೋಡಲು ಎರಡೂ ಅವಳಿಜವಳಿ. ಎರಡೂ ತುದಿಯಲ್ಲಿ ವೇಗ ಒಂದೇ ಇರಬೇಕು. ಒಂದೇ ಎಳೆಯಲ್ಲಿ ಹೋಗಿಬರುವ ‘ಬೈಡಿ’ ಮಾಡ್ಯೂಲ್ ಆದರೆ ಜೋಡಿಯಾಗಿಯೇ ಕೊಳ್ಳಬೇಕು. ಈ ತುದಿ ಕಳಿಸುವ ತರಂಗಾಂತರವನ್ನು ಆ ತುದಿ ಸ್ವೀಕರಿಸಬೇಕಲ್ಲ!

ಇನ್ನು ಬ್ರ್ಯಾಂಡ್ ಜಗಳ. ‘ಸ್ವಿಚ್ ಯಾವ ಕಂಪನಿಯದೋ ಮಾಡ್ಯೂಲೂ ಅದೇ ಕಂಪನಿಯದಿರಲಿ’ ಎನ್ನುವವರು ಒಂದು ಕಡೆ, ‘ಯಾವುದಾದರೇನು’ ಎನ್ನುವವರು ಇನ್ನೊಂದು ಕಡೆ. ನಾನು ಎರಡನ್ನೂ ಒಪ್ಪುವುದಿಲ್ಲ. ಮಾಡ್ಯೂಲ್‌ನ ಅಳತೆ, ಜೋಡಣೆಗಳು ಹಲವು ತಯಾರಕರು ಕೂಡಿ ಒಪ್ಪಿಕೊಂಡ ಮಾನದಂಡದಂತೆಯೇ ಇರುತ್ತವೆ. ಆದರೆ ಅದರೊಳಗಿನ ಪುಟ್ಟ ಮೆಮೊರಿಯಲ್ಲಿ ತಯಾರಕರ ಗುರುತು ಬರೆದಿರುತ್ತದೆ. ಕೆಲವು ಸ್ವಿಚ್‌ಗಳು ಅದನ್ನು ಓದಿ, ಹೊರಗಿನದಾದರೆ ಪೋರ್ಟನ್ನೇ ಮುಚ್ಚುತ್ತವೆ. ಆದ್ದರಿಂದ ನಿಮ್ಮ ಸ್ವಿಚ್‌ಗೆ ಹೊಂದುವಂತೆ ಕೋಡ್ ಮಾಡಿದ, ವಾರಂಟಿ ಇರುವ ಮಾಡ್ಯೂಲನ್ನು ಎರಡೇ ತರಿಸಿ, ಹಾಕಿ ನೋಡಿ. ಬೆಳಕಿನ ಪ್ರಮಾಣ, ಬಿಸಿ ತೋರಿಸುವ ಡಿಡಿಎಂ ಸೌಲಭ್ಯ ಇದೆಯೇ ಕೇಳಿ. ಸರಿಹೋದರೆ ಉಳಿದದ್ದು ಕೊಳ್ಳಿ, ಒಂದನ್ನು ಹೆಚ್ಚುವರಿ ಇಟ್ಟುಕೊಳ್ಳಿ.

ಇದ್ಯಾವುದೂ ಬ್ರಹ್ಮವಿದ್ಯೆಯಲ್ಲ. ಕೇಬಲ್ ಎಳೆದ ಯಾವ ಹುಡುಗನನ್ನು ಕೇಳಿದರೂ ಐದು ನಿಮಿಷದಲ್ಲಿ ಹೇಳುತ್ತಾನೆ. ತೊಂದರೆ ಏನೆಂದರೆ ಅವನನ್ನು ಯಾರೂ ಕೇಳುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಮೊದಲು ಬಿಲ್ ಆಗುತ್ತದೆ, ಆಮೇಲೆ ‘ಯಾಕೆ ಬರ್ತಿಲ್ಲ’ ಎಂದು ನಮ್ಮನ್ನು ಕರೆಯುತ್ತಾರೆ. ಖರೀದಿ ಪಟ್ಟಿಗೆ ಸಹಿ ಬೀಳುವ ಮೊದಲು ರ‍್ಯಾಕ್ ಮುಂದೆ ನಿಂತು ಕೆಲಸ ಮಾಡುವವನ ಮಾತನ್ನೂ ಒಂದಿಷ್ಟು ಕೇಳಿ. ಅದಕ್ಕೆ ದರಪಟ್ಟಿ ಬೇಕಿಲ್ಲ.