ನನಗೇ ಬೇಕು, ನನ್ನ ಕಾಲಿಗೇ

ಕೆಲಸ ಮಾಡದ ಅಧಿಕಾರಿಯ ಮೇಜಿನ ಮೇಲೆ ಬಳೆ, ಅರಿಶಿನ ಕುಂಕುಮ, ಸೀರೆ ಇಟ್ಟು ಬರುವ ಪ್ರತಿಭಟನೆ ನಮ್ಮ ನಾಡಿನಲ್ಲಿ ಇನ್ನೂ ನಿಂತಿಲ್ಲ. ಹೆಣ್ಣಿನ ಮೈಮೇಲೆ ಇರುವಷ್ಟು ಹೊತ್ತು ಅವು ಮಂಗಳದ್ರವ್ಯಗಳು. ಗಂಡಿನ ಕೈಗೆ ಬಂದ ಕೂಡಲೇ ಛೀಮಾರಿ. ‘ಬಳೆ ತೊಟ್ಕೊಂಡು ಕೂತಿದ್ದೀಯೇನೋ’ ಎಂಬ ಮಾತಿನಲ್ಲಿ ಬೈಸಿಕೊಳ್ಳುವವನು ಗಂಡಸು, ಅವಮಾನವಾಗುವುದು ಮಾತ್ರ ಅಲ್ಲಿಲ್ಲದ ಹೆಂಗಸಿಗೆ. ಮಹಿಳಾ ಚಳವಳಿ ಇದನ್ನು ಬಹಳ ಹಿಂದೆಯೇ ಪ್ರಶ್ನಿಸಿದೆ. ಅದೇ ಪ್ರಶ್ನೆಯನ್ನು ನಾನು ಕೈಯ ಬಳೆಯಿಂದ ಕಾಲಿನ ಚಪ್ಪಲಿಗೆ ಇಳಿಸಿ ಕೇಳಬೇಕೆಂದಿದ್ದೇನೆ. ಒಬ್ಬ ಗಂಡಸು ಅಂಗಡಿಗೆ ಹೋಗಿ ತನ್ನ ಕಾಲಿಗೆ ಹೆಂಗಸರ ಚಪ್ಪಲಿ ಕೊಡಿ ಎನ್ನಲು ಏಕೆ ನಡುಗುತ್ತಾನೆ?

ಆ ಗಂಡಸು ನಾನೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು, ಹೆಂಡತಿ ಮಕ್ಕಳಿರುವವನು. ಮನೆಯೊಳಗೆ ಕೆಲವು ಹೊತ್ತು ಸೀರೆ ಉಡುತ್ತೇನೆ. ಗಂಡೆಂಬ ಗುರುತಿನಲ್ಲಿ ನನಗೆ ತಕರಾರಿಲ್ಲ. ಹೆಣ್ಣಾಗಿಯೇ ಬಾಳುವ ಲಿಂಗತ್ವ ಅಲ್ಪಸಂಖ್ಯಾತ ಸೋದರಿಯರ ಕಷ್ಟದಲ್ಲಿ ಪಾಲು ಕೇಳುವ ಹಕ್ಕೂ ನನಗಿಲ್ಲ. ಅವರು ಬೀದಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಹೊಡೆತ ತಿಂದವರು. ನಾನು ಪ್ಯಾಂಟು ಹಾಕಿಕೊಂಡು ‘ಸಾರ್’ ಎನಿಸಿಕೊಂಡು ಓಡಾಡುವವನು. ಹಾಗಿದ್ದೂ ನನ್ನಂಥವರು ಇದ್ದಾರೆ, ಬಹಳ ಮನೆಗಳಲ್ಲಿ ಬೀರುವಿನ ತಳದಲ್ಲಿ ಗಂಟು ಕಟ್ಟಿಟ್ಟುಕೊಂಡು ಇದ್ದಾರೆ.

ಹೆಂಗಸರ ಚಪ್ಪಲಿ ಮೆಟ್ಟಲು ನಮ್ಮ ಕಡೆ ಮೊದಲು ಹೆದರಿದವರು ಗಂಡಸರಲ್ಲ, ಹೆಂಗಸರೇ. ನಾನು ಹುಟ್ಟಿ ಬೆಳೆದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ. ಊರು ದಾಟಿದರೆ ಕಾಕನಕೋಟೆಯ ಕಾಡು, ಅದರಾಚೆ ಬಾವಲಿ, ಮಾನಂದವಾಡಿ. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಹೆಂಗಸರಾರೂ ಎಕ್ಕಡ ಮೆಟ್ಟಿದ್ದನ್ನು ನಾನು ಕಂಡಿಲ್ಲ. ನನ್ನವ್ವ ಹೊಲಕ್ಕೂ ಬರಿಗಾಲು, ಸಂತೆಗೂ ಬರಿಗಾಲು; ಮುಳ್ಳು ಮುರಿದರೆ ಜಗುಲಿಯ ಮೇಲೆ ಕೂತು ಪಿನ್ನಿನಲ್ಲಿ ತೆಗೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಮಾತ್ರ ದಪ್ಪ ಅಟ್ಟೆಯ, ಕಿರ್ ಎನ್ನುವ ಎಕ್ಕಡ. ಅದನ್ನು ಹೊಲಿದುಕೊಟ್ಟವರು ಕೇರಿಯವರು. ಹೊಲಿದವರೇ ನಮ್ಮಂಥ ಮೇಲುಜಾತಿಯವರ ಬೀದಿಗೆ ಬರುವಾಗ ತಮ್ಮ ಎಕ್ಕಡ ಕೈಲಿ ಹಿಡಿದು ನಡೆಯಬೇಕಿತ್ತು. ಯಾರ ಕಾಲಲ್ಲಿ ಏನಿರಬೇಕು ಎಂಬುದನ್ನು ಊರು ಇಷ್ಟು ನಿಗಾ ಇಟ್ಟು ಕಾಯುತ್ತಿತ್ತು.

ಆ ಕಾಲದಲ್ಲಿ ಒಬ್ಬ ನರ್ಸಮ್ಮ ಊರಿಗೆ ಬಂದರು. ಹಿಮ್ಮಡಿ ಎತ್ತರದ ಕರಿ ಚಪ್ಪಲಿ, ಬಿಳಿ ಸೀರೆ. ಅವರು ಬೀದಿಯಲ್ಲಿ ಟಕ್ ಟಕ್ ಎಂದು ಬಂದರೆ ಜಗುಲಿಯ ಮೇಲಿದ್ದ ಗಂಡಸರು ‘ಕುದುರೆ ಬಂತು’ ಎಂದು ನಗುತ್ತಿದ್ದರು. ಒಳಗಿದ್ದ ಹೆಂಗಸರೂ ಬಿಡಲಿಲ್ಲ, ‘ಎಷ್ಟು ಮೆರೀತಾಳೆ’ ಎಂದರು. ಹೆರಿಗೆ ನೋವು ಬಂದಾಗ ನಡುರಾತ್ರಿ ಅದೇ ಟಕ್ ಟಕ್‌ಗಾಗಿ ಕಿವಿಗೊಟ್ಟು ಕೂರುತ್ತಿದ್ದವರೂ ಇದೇ ಹೆಂಗಸರು. ನರ್ಸಮ್ಮ ನಗುವವರಿಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಲಿಲ್ಲ, ಚಪ್ಪಲಿ ಬಿಟ್ಟು ನಡೆದದ್ದನ್ನೂ ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರ ಕಾಲಿಗೆ ಹವಾಯಿ ಚಪ್ಪಲಿ ಬಂತು, ನಗುವವರು ಬೇರೆ ಏನನ್ನೋ ಹುಡುಕಿಕೊಂಡರು.

ಹಾಗೆಂದು ಹೆಣ್ಣುಡುಪಿನ ಗಂಡಸು ನಮ್ಮ ಹಳ್ಳಿಗಳಿಗೆ ಹೊಸಬನಲ್ಲ. ಕುರುಕ್ಷೇತ್ರ ನಾಟಕದ ದ್ರೌಪದಿ ಪಾತ್ರಕ್ಕೆ ಹಿಂದೆ ಊರಿನ ಹುಡುಗನೇ ಆಗಬೇಕಿತ್ತು. ಪಾತ್ರಕ್ಕೆ ಪಟ್ಟಣದಿಂದ ನಟಿಯರನ್ನು ಕರೆಸುವ ಪದ್ಧತಿ ಆಮೇಲೆ ಬಂದದ್ದು. ಕರಾವಳಿಯ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯರಂಥವರು ಸ್ತ್ರೀವೇಷದಿಂದಲೇ ಹೆಸರಾದರು. ಬಳ್ಳಾರಿ ಸೀಮೆಯಲ್ಲಿ ಎಲ್ಲಮ್ಮನಿಗೆ ಬಿಟ್ಟ ಜೋಗತಿಯರಿದ್ದಾರೆ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಹಳ್ಳಿಯ ಅಜ್ಜಿ ಮೊಮ್ಮಗನಿಗೆ ತೆಗೆಯುವ ಹಾಗೆ!

ರಂಗಸ್ಥಳ ಒಪ್ಪಿಗೆ ಕೊಟ್ಟಿತ್ತು, ದೇವಿ ಒಪ್ಪಿಗೆ ಕೊಟ್ಟಿದ್ದಳು. ರಂಗದ ಹೆಣ್ಣುವೇಷಕ್ಕೆ ಕಾಲಲ್ಲಿ ಗೆಜ್ಜೆಯಿತ್ತೇ ಹೊರತು ಚಪ್ಪಲಿ ಇರಲಿಲ್ಲ. ಚಪ್ಪಲಿ ಕೊಳ್ಳುವುದು ಪೇಟೆಯ ವ್ಯವಹಾರ. ಅಲ್ಲಿ ಹಾರ್ಮೋನಿಯಂ ಮೇಷ್ಟ್ರಿಲ್ಲ, ಹರಕೆ ಇಲ್ಲ. ಹಗಲು ಮೂರು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ, ಸುಮ್ಮನೆ ಒಬ್ಬ ಗಿರಾಕಿಯಾಗಿ ನಿಂತು ಬಾಯಿಬಿಟ್ಟು ಕೇಳಬೇಕು. ಆ ಸುಮ್ಮನೆ ಎಂಬುದೇ ಕಷ್ಟ.

ಕಾನೂನಿನ ಭಯ ಇರಬಹುದೆಂದು ಕೆಲವರು ತಿಳಿದಿದ್ದಾರೆ. ಒಂದು ಕಾಲಕ್ಕೆ ಅದೂ ಇತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಿಜಡಾಗಳ ಪಟ್ಟಿ ಮಾಡಿಸಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಪಿನಲ್ಲಿ ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಸೆರೆ. ಹೈದರಾಬಾದ್ ಸಂಸ್ಥಾನ 1919ರಲ್ಲಿ ಇಂಥದೇ ಕಾಯ್ದೆ ಮಾಡಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದರೊಳಗಿದ್ದವು. ಅದು ಅಸಾಂವಿಧಾನಿಕವೆಂದು ತೆಲಂಗಾಣ ಹೈಕೋರ್ಟು ಹೇಳಲು 2023ರ ಜುಲೈವರೆಗೆ ಕಾಯಬೇಕಾಯಿತು. ನಮ್ಮ ರಾಜ್ಯವೂ ಕಡಿಮೆಯಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಈ ಸಮುದಾಯದ ಮೇಲೆ ನಿಗಾ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಸಮುದಾಯದ ಹೆಸರನ್ನು ಅದರಿಂದ ತೆಗೆದರು. ಅಷ್ಟರಲ್ಲಿ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಉಡುಪು, ಮಾತು, ನಡವಳಿಕೆಗಳ ಮೂಲಕ ತನ್ನ ಲಿಂಗತ್ವವನ್ನು ಹೇಳಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯಡಿ ಅಭಿವ್ಯಕ್ತಿ ಸ್ವಾತಂತ್ರ್ಯವೆಂದು ಹೇಳಿಯಾಗಿತ್ತು. ಆ ತೀರ್ಪು ಬಂದದ್ದು ನನ್ನಂಥವರಿಗಾಗಿ ಅಲ್ಲ. ಆದರೂ ಅದರ ಬೆಳಕು ನನ್ನ ಬೀರುವಿನವರೆಗೂ ಬಿತ್ತು.

ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಈ ಪುಟಗಳನ್ನು ಓದುವ ಸೋದರಿಯರು ಮೊದಲು ಕೇಳುವುದು ಅದನ್ನೇ, ಕೇಳಲೂಬೇಕು. ಮದುವೆಗೆ ಮುಂಚೆಯೇ ನಾನು ಅವಳಿಗೆ ಹೇಳಿದ್ದೆ. ಅವಳು ಎರಡು ವಾರ ತೆಗೆದುಕೊಂಡು, ತನ್ನ ಅಕ್ಕನ ಹತ್ತಿರ ಮಾತ್ರ ಆಡಿ, ಒಪ್ಪಿಕೊಂಡಳು. ‘ನನ್ನ ಸೀರೆ ಮುಟ್ಟಬೇಡಿ. ನಿಮಗೆ ಬೇಕಾದ್ದು ನೀವೇ ತಗೊಳ್ಳಿ’ ಎಂದಳು. ಸೀರೆಗೆ ತೊಂದರೆಯಾಗಲಿಲ್ಲ. ಸೀರೆ ಕೊಳ್ಳುವ ಗಂಡಸನ್ನು ಕಂಡರೆ ಅಂಗಡಿಯವರು ಕೈಮುಗಿಯುತ್ತಾರೆ. ಚಪ್ಪಲಿ ಹಾಗಲ್ಲ, ಹಾಕಿ ನೋಡಿಯೇ ಕೊಳ್ಳಬೇಕು. ‘ನೀನೂ ಬಾ, ನಿನಗೆ ಅಂತ ಕೇಳೋಣ’ ಎಂದು ನಾನು ಕರೆದಾಗ ಅವಳು ‘ನಿಮಗೆ ಮರೆಯಾಗೋಕೆ ನಾನೇನು ಪರದೆಯಾ?’ ಎಂದಳು. ಇಷ್ಟು ವರ್ಷ ಹೆಣ್ಣಿನ ಸ್ಥಿತಿಗತಿಯ ಬಗ್ಗೆ ಓದಿದ್ದರಲ್ಲಿ ಇಷ್ಟು ಚುಟುಕಾದ ಮಾತನ್ನು ನಾನು ಓದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಿಜವಾದ ಅಪಾಯ ಇಲ್ಲಿದೆ. ಗಂಡಸಿನ ಈ ಹೆದರಿಕೆ ತನ್ನಷ್ಟಕ್ಕೆ ಸುಮ್ಮನಿರುವುದಿಲ್ಲ, ಮರೆಗೆ ಒಂದು ಹೆಣ್ಣನ್ನು ಹುಡುಕುತ್ತದೆ. ಅಕ್ಕನ ಲಂಗ ಉಟ್ಟು ಕನ್ನಡಿ ನೋಡಿಕೊಂಡ ಹುಡುಗನಿಗೆ ಬೆಲ್ಟಿನ ಏಟು ಬೀಳುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಬೆನ್ನಿನ ಬಾಸುಂಡೆ ಕಾಣದ ಹಾಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿ ಬರುತ್ತಿದ್ದ. ಏಟು ಸಾಲದಿದ್ದರೆ ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ’ ಎನ್ನುತ್ತಾರೆ ಹಿರಿಯರು. ಹುಡುಗನಿಗೆ ಕೆಲಸವಿದ್ದರೆ ವರದಕ್ಷಿಣೆಯನ್ನೂ ಕೇಳುತ್ತಾರೆ, ಹೆಣ್ಣಿನ ಮನೆಯವರು ಸಾಲ ಮಾಡಿ ಕೊಡುತ್ತಾರೆ. ಔಷಧಿಯಾಗಿ ಬಂದ ಆ ಹುಡುಗಿಗೆ ತಾನು ಔಷಧಿಯೆಂದು ಯಾರೂ ಹೇಳಿರುವುದಿಲ್ಲ. ಬೀರುವಿನ ಗಂಟು ಅವಳ ಕೈಗೆ ಸಿಕ್ಕ ದಿನ, ಸಿಕ್ಕಿಬಿದ್ದ ನಾಚಿಕೆಗೆ ಅವನು ಅವಳ ಮೇಲೆಯೇ ಕೈ ಎತ್ತುತ್ತಾನೆ. ಸೀರೆ ಉಡುವುದರಿಂದ ಸಂಸಾರ ಕೆಡುವುದಿಲ್ಲ, ನನ್ನದು ಕೆಟ್ಟಿಲ್ಲ. ಮುಚ್ಚಿಟ್ಟು ಒಂದು ಹೆಣ್ಣನ್ನು ತರುವುದು ಮೋಸ. ವರದಕ್ಷಿಣೆ ತೆಗೆದುಕೊಂಡು ತರುವುದು ಮೋಸದ ಮೇಲೆ ಸುಲಿಗೆ. ಚಪ್ಪಲಿ ಅಂಗಡಿಯಲ್ಲಿ ‘ನನಗೇ’ ಎಂದು ಹೇಳಲು ಕಲಿತವನು ಹೆಣ್ಣು ನೋಡಲು ಹೋದ ಮನೆಯಲ್ಲೂ ಬಾಯಿ ಬಿಟ್ಟಾನು ಎಂಬ ಆಸೆಯಿಂದ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಕೇಳಿದ್ದು 2014ರ ಜೂನ್‌ನಲ್ಲಿ, ಮೈಸೂರಿನಲ್ಲಿ. ಮೈಸೂರು ನನ್ನಂಥವನಿಗೆ ಕಷ್ಟದ ಊರು. ದೇವರಾಜ ಅರಸು ರಸ್ತೆಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಹಳೆಯ ಶಿಷ್ಯನೊಬ್ಬ ‘ನಮಸ್ಕಾರ ಸಾರ್, ಗೊತ್ತಾಯ್ತಾ?’ ಎನ್ನುತ್ತಾನೆ. ಮಂಗಳವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೊರಟೆ. ಹಿಂದಿನ ರಾತ್ರಿ ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದು ಉದ್ದ ಅಗಲ ಅಳೆದುಕೊಂಡಿದ್ದೆ. ಕೈಯಲ್ಲಿ ಒಂದು ಅಳತೆ ಇದ್ದರೆ ಮಾತಿಗೆ ಊರುಗೋಲು ಸಿಗುತ್ತದೆ. ಮೊದಲ ಅಂಗಡಿಯಲ್ಲಿ ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು, ‘ಇಲ್ಲ ಅಂಕಲ್’ ಎಂದರು. ಹೊರಗೆ ಬಂದು ಕಾಫಿ ಕುಡಿದೆ. ಕೈ ನಡುಗಿ ಸಾಸರಿಗೆ ಚೆಲ್ಲಿತು. ಕುಡಿದು ಮುಗಿಸುವಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು: ಅವರು ನಕ್ಕರು, ನನಗೆ ಇನ್ನೇನೂ ಆಗಲಿಲ್ಲ. ನಲವತ್ತು ವರ್ಷ ನಾನು ಹೆದರಿದ್ದು ಇಷ್ಟಕ್ಕೇ.

ಎರಡನೆಯ ಅಂಗಡಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ಕೇಳುವ ಮೊದಲೇ ಹೇಳಿಬಿಟ್ಟೆ. ‘ಹೆಂಗಸರ ಚಪ್ಪಲಿ ಬೇಕಮ್ಮ, ಸ್ವಲ್ಪ ಹಿಮ್ಮಡಿ ಇರೋದು. ನನಗೇ, ನನ್ನ ಕಾಲಿಗೇ.’ ಅವಳು ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು. ‘ಒಂಬತ್ತು ಬರಲ್ಲ ಸಾರ್. ಎಂಟರಲ್ಲಿ ಅಗಲದ್ದು ಇದೆ, ಹಾಕಿ ನೋಡಿ.’ ನೆಲಕ್ಕೆ ಕೂತು ಪಟ್ಟಿ ಹಾಕಲು ಬಂದಳು. ಬೇಡವೆಂದು ನಾನೇ ಬಗ್ಗಿ ಹಾಕಿಕೊಂಡೆ. ಹೆಬ್ಬೆರಳು ಒತ್ತುತ್ತದೆ ಎಂದರೆ ‘ಎರಡು ದಿನ ಹಾಕಿದ್ರೆ ಬಿಟ್ಕೊಳ್ತದೆ’ ಎಂದಳು. ಎಲ್ಲ ಚಪ್ಪಲಿ ಅಂಗಡಿಯವರೂ ಎಲ್ಲರಿಗೂ ಹೇಳುವ ಅದೇ ಮಾತು. ಅದು ಕಿವಿಗೆ ಬಿದ್ದಾಗ ನನ್ನ ಎದೆಬಡಿತ ಇಳಿಯಿತು, ನಾನು ಗಿರಾಕಿಯಾಗಿದ್ದೆ.

ಆ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇದ್ದಳು. ನಮ್ಮೂರಿನ ಕಾಡು ದಾಟಿದರೆ ಸಿಗುವ ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಂಗಸರು ಹೋರಾಡಿ, ಕೆಲಸದ ನಡುವೆ ಕೂರುವ ಹಕ್ಕನ್ನು 2018ರಲ್ಲಿ ಕಾನೂನಿಗೆ ತಂದರು. ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು. ನನ್ನ ಅಂಜಿಕೆಯಲ್ಲೇ ಮುಳುಗಿದ್ದರೆ ಎದುರಿಗಿದ್ದವಳ ಊದಿದ ಕಾಲು ಕಾಣುತ್ತಿರಲಿಲ್ಲ. ಅಂಜುವವನಿಗೆ ಲೋಕವೆಲ್ಲ ತನ್ನನ್ನೇ ನೋಡುತ್ತಿರುವ ಭ್ರಮೆ. ಅಂಗಡಿಯವಳಿಗೆ ಬೇಕಾದದ್ದು ಸಂಜೆಯೊಳಗೆ ಇನ್ನೆರಡು ಜೊತೆ ವ್ಯಾಪಾರ.

ಹೊಸದಾಗಿ ಹೊರಡುವವರಿಗೆ ಎರಡು ಮಾತು. ನಮ್ಮ ಅಂಗಡಿಗಳಲ್ಲಿ ಹೆಂಗಸರ ಚಪ್ಪಲಿ ಸಾಮಾನ್ಯವಾಗಿ ನಾಲ್ಕರಿಂದ ಎಂಟನೆಯ ಅಳತೆಯವರೆಗೆ ಸಿಗುತ್ತದೆ. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಅಂಗುಲದ ಮೂರನೆಯ ಒಂದು ಭಾಗ ವ್ಯತ್ಯಾಸ. ಆದರೆ ಹೆಂಗಸರದಕ್ಕೆ ಅಗಲ ಕಡಿಮೆ, ಕಂಪನಿಯಿಂದ ಕಂಪನಿಗೆ ಬೇರೆ. ಗಂಡಸರದರಲ್ಲಿ ಏಳು ಹಾಕುವವರು ಹೆಂಗಸರ ಎಂಟನ್ನು ಹಾಕಿ ನೋಡಿ. ಮುಂದೆ ತೆರೆದಿರುವ, ಬಕಲ್ ಇರುವ ಪಟ್ಟಿಯದನ್ನೇ ಕೇಳಿ. ಎರಡು ಅಂಗುಲಕ್ಕಿಂತ ಎತ್ತರದ ಹಿಮ್ಮಡಿ ಅರವತ್ತರ ಮಂಡಿಗೆ ಆಗಿಬರುವುದಿಲ್ಲ. ಅಂದಹಾಗೆ ಈ ಎತ್ತರದ ಹಿಮ್ಮಡಿಯನ್ನು ಮೊದಲು ತೊಟ್ಟವರು ಪರ್ಷಿಯಾದ ಕುದುರೆ ಸವಾರರು, ರಿಕಾಪಿನಲ್ಲಿ ಕಾಲು ನಿಲ್ಲಲೆಂದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಕೆಂಪು ಹಿಮ್ಮಡಿ ತೊಟ್ಟೇ ದರ್ಬಾರು ಮಾಡಿದ. ಹತ್ತಕಡಕು ಹಾಕುತ್ತಿದ್ದ ನಮ್ಮಜ್ಜನಿಗೂ ಯಾರೂ ‘ಹೆಣ್ಣಿಗ’ ಎಂದಿರಲಿಲ್ಲ. ಗಂಡಿನದು ಯಾವುದು, ಹೆಣ್ಣಿನದು ಯಾವುದು ಎಂದು ಗೆರೆ ಎಳೆಯುವವರು ತಮ್ಮ ಅಜ್ಜಂದಿರ ಫೋಟೋ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

‘ಹೆಣ್ಣುಮಕ್ಕಳು ಸೀಮೆಎಣ್ಣೆಯಲ್ಲಿ ಬೆಂದ ಸುದ್ದಿ ಹೇಳುವ ಪತ್ರಿಕೆಯಲ್ಲಿ ಗಂಡಸಿನ ಚಪ್ಪಲಿಯ ಪುರಾಣವೇ?’ ಎಂದು ಕೆಲವರಿಗೆ ಅನ್ನಿಸಬಹುದು. ಕಷ್ಟಗಳನ್ನು ತಕ್ಕಡಿಯಲ್ಲಿಟ್ಟರೆ ನನ್ನದು ಮೇಲಕ್ಕೆ ಹಾರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ‘ಹೆಂಡ್ತಿ ಅಂದ್ರೆ ಕಾಲಿನ ಎಕ್ಕಡ, ಸವೆದರೆ ಬೇರೆ’ ಎನ್ನುವ ಬಾಯಿಯೇ ನನಗೆ ‘ಥೂ, ಹೆಂಗಸಾದ’ ಎನ್ನುವುದು. ಅವನ ದೃಷ್ಟಿಯಲ್ಲಿ ನಾನು ಮಾಡಿದ ತಪ್ಪು ಒಂದೇ, ಮೇಲಿನ ಮೆಟ್ಟಿಲಿಂದ ಕೆಳಗಿಳಿದದ್ದು. ಆ ಮೆಟ್ಟಿಲು ಇರುವವರೆಗೆ ಅವನ ಮನೆಯ ಹೆಂಗಸು ಕೆಳಗೇ.

ಆ ಚಪ್ಪಲಿಯ ಪಟ್ಟಿ ಹೋದ ವರ್ಷ ಕಿತ್ತಿತು. ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ಬಿಚ್ಚಿ ಕೂರುವ ರಿಪೇರಿಯವರ ಹತ್ತಿರ ಕೊಂಡುಹೋದೆ. ಅವರು ತಿರುವಿ ನೋಡಿ, ಸವೆದ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ, ‘ಭಾರ ಜಾಸ್ತಿ ಬೀಳ್ತಾ ಇದೆ ಸಾರ್, ಎರಡು ವರಸೆ ಹೊಲಿಗೆ ಹಾಕ್ಬೇಕು’ ಎಂದರು. ಹಾಕಿಸಿಕೊಂಡು ಬಂದೆ. ಇನ್ನೊಂದು ಜೊತೆ ಕೊಳ್ಳಬೇಕು, ಈ ಸಲ ಕಂದು ಬಣ್ಣದ್ದು.